ಬಾಯೊಳಗಿನ ಬೆರಳು, ಬಾಯಿ ಮುಂದಿನ ಕೈ

ಗವಿಮಠದ ಜಾತ್ರೆ ಹತ್ತಿರ ಬಂತೆಂದರೆ ಕೊಪ್ಪಳದ ಸುತ್ತಲಿನ ಊರುಗಳಲ್ಲಿ ರೊಟ್ಟಿ ಬಡಿಯುವ ಸದ್ದು ಜಾಸ್ತಿಯಾಗುತ್ತದೆ. ದಾಸೋಹಕ್ಕೆ ಲಕ್ಷಗಟ್ಟಲೆ ರೊಟ್ಟಿ ಬೇಕು. ಊರೂರಿನ ಹೆಣ್ಣುಮಕ್ಕಳು ಸೇರಿ ಬಡಿದು, ಒಣಗಿಸಿ, ಬುಟ್ಟಿ ತುಂಬಿ ಮಠಕ್ಕೆ ಕಳಿಸುತ್ತಾರೆ. ಎರಡು ವರ್ಷದ ಹಿಂದೆ ಜನವರಿಯಲ್ಲಿ ನಮ್ಮ ಮನೆಯಲ್ಲೂ ಅದೇ ಕೆಲಸ ನಡೆದಿತ್ತು. ಅವ್ವ ಒಲೆಯ ಮುಂದೆ ಕೂತಿದ್ದಳು. ಭಾಗ್ಯನಗರದಿಂದ ಬಂದಿದ್ದ ಅಕ್ಕ ಹಿಟ್ಟು ನಾದುತ್ತಿದ್ದಳು. ನನ್ನ ಮಗಳಿಗೆ ಆಗ 5 ವರ್ಷ 4 ತಿಂಗಳು. ಬಿಸಿ ರೊಟ್ಟಿಗೆ ಎಣ್ಣೆ, ಶೇಂಗಾ ಚಟ್ನಿ ಸವರಿ, ಸುರುಳಿ ಮಾಡಿ ಅವಳ ಕೈಗೆ ಕೊಟ್ಟಿದ್ದೆವು.

ಅವಳು ಅದನ್ನು ಮುಂದಿನ ಹಲ್ಲಿನಿಂದ ಕಚ್ಚಲಿಲ್ಲ. ತಲೆ ಓರೆ ಮಾಡಿ, ಸುರುಳಿಯನ್ನು ಬಲಗಡೆ ದವಡೆಗೆ ಒಯ್ದು, ಕೈಯಿಂದ ಎಳೆದು ಹರಿದುಕೊಂಡಳು. ದಿನಾ ಹಾಗೇ ತಿನ್ನುತ್ತಿದ್ದಳೇನೋ. ನಮ್ಮ ಯಾರ ಕಣ್ಣಿಗೂ ಅದು ಬಿದ್ದಿರಲಿಲ್ಲ. ಅಕ್ಕನ ಕಣ್ಣಿಗೆ ಬಿತ್ತು. ಹಿಟ್ಟಿನಲ್ಲಿದ್ದ ಅವಳ ಕೈ ಅಲ್ಲೇ ನಿಂತಿತು.

"ತಮ್ಮಾ, ಈಕಿನೂ ನನ್ನಂಗ ತಿಂತಾಳ ನೋಡು," ಎಂದಳು.

ಅಕ್ಕ ನನಗಿಂತ ಎರಡು ವರ್ಷ ದೊಡ್ಡವಳು. ಮನೆಯಲ್ಲೇ ಮಷೀನ್ ಇಟ್ಟುಕೊಂಡು ಬ್ಲೌಸ್ ಹೊಲಿಯುತ್ತಾಳೆ. ಹೊಲಿಯುವವರು ಸಾಮಾನ್ಯವಾಗಿ ದಾರವನ್ನು ಮುಂದಿನ ಹಲ್ಲಿನಿಂದ ಟಕ್ಕನೆ ಕಡಿಯುತ್ತಾರೆ, ನೋಡಿರಬಹುದು. ಅಕ್ಕನಿಗೆ ಅದು ಬರುವುದಿಲ್ಲ. ಅವಳ ಮೇಲಿನ ಹಲ್ಲುಗಳು ಮುಂದಕ್ಕೆ ಬಂದಿವೆ. ದವಡೆ ಕಚ್ಚಿ ಹಿಡಿದರೂ ಮೇಲಿನ ಹಲ್ಲು ಕೆಳಗಿನ ಹಲ್ಲಿಗೆ ತಾಗುವುದಿಲ್ಲ. ನಡುವೆ ಒಂದು ಕಿಂಡಿ. ಅದಕ್ಕೇ ಮಷೀನಿನ ಪಕ್ಕ ಯಾವಾಗಲೂ ಒಂದು ಚಿಕ್ಕ ಕತ್ತರಿ. ಕಬ್ಬು ಸುಲಿಯಲು ಆಗುವುದಿಲ್ಲ. ಪೇರಲ ಹಣ್ಣನ್ನು ಹೆಚ್ಚಿಯೇ ತಿನ್ನಬೇಕು. ನನಗೆ ಇದೆಲ್ಲ ಗೊತ್ತಿತ್ತು. ಅಕ್ಕನ ಸ್ವಭಾವವೇ ಹಾಗೆ ಅಂದುಕೊಂಡಿದ್ದೆ. ಅದು ಅವಳ ಹೆಬ್ಬೆರಳು ಬಿಟ್ಟುಹೋದ ಗುರುತು ಎಂದು ಆ ದಿನದವರೆಗೆ ಯೋಚಿಸಿಯೇ ಇರಲಿಲ್ಲ.

ಅವ್ವ ಹೇಳುವ ಪ್ರಕಾರ, ನಾನು ಹುಟ್ಟಿದ ಮೇಲೆ ಅಕ್ಕ ಬೆರಳು ಚೀಪುವುದು ಜಾಸ್ತಿಯಾಯಿತು. ಅಲ್ಲಿಯವರೆಗೆ ಅವ್ವನ ಪಕ್ಕದಲ್ಲಿ ಮಲಗುತ್ತಿದ್ದ ಹುಡುಗಿಯನ್ನು ಒಂದೇ ರಾತ್ರಿಯಲ್ಲಿ ಅಜ್ಜಿಯ ಪಕ್ಕಕ್ಕೆ ಸರಿಸಿದರು. ಆ ಜಾಗಕ್ಕೆ ನಾನು ಬಂದೆ. ಅವಳು ಬಲಗೈ ಹೆಬ್ಬೆರಳನ್ನು ಹಿಡಿದುಕೊಂಡಳು. 11 ವರ್ಷದವರೆಗೂ ಬಿಡಲಿಲ್ಲ.

ಬಿಡಿಸಲು ಯಾರೂ ಪ್ರಯತ್ನಿಸಲಿಲ್ಲ ಎಂದಲ್ಲ. ಮೊದಲು ಬೇವಿನ ಎಲೆ ಅರೆದು ಹಚ್ಚಿದರು. ಒಂದು ವಾರದಲ್ಲಿ ಅವಳಿಗೆ ಆ ಕಹಿ ರೂಢಿಯಾಯಿತು. ಆಮೇಲೆ ರಾತ್ರಿ ಎರಡೂ ಕೈಗೆ ಹಳೇ ಸೀರೆಯ ಚಿಂದಿ ಸುತ್ತಿ ಕಟ್ಟಿದರು. ಹಲ್ಲಿನಿಂದಲೇ ಗಂಟು ಬಿಚ್ಚಿಕೊಳ್ಳುತ್ತಿದ್ದಳು. ಕೊನೆಗೆ ಖಾರಪುಡಿ. ನಿದ್ದೆಗಣ್ಣಲ್ಲಿ ಆ ಬೆರಳಿಂದಲೇ ಕಣ್ಣು ಉಜ್ಜಿಕೊಂಡಳಂತೆ. ಓಣಿಯೆಲ್ಲ ಎದ್ದು ಬರುವಂತೆ ಚೀರಿದಳಂತೆ. "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇನು ಅಂತ ಹಿರ್ಯಾರು ಹೇಳತಿದ್ರು. ನಾ ಅದನ್ನ ನಂಬಿ ಬಗ್ಗಸಾಕ ಹೋದೆ," ಎಂದು ಅವ್ವ ಈಗಲೂ ಹೇಳುತ್ತಾಳೆ. ಹೇಳಿ ಸುಮ್ಮನಾಗುತ್ತಾಳೆ. ಅವ್ವನನ್ನು ದೂರಲು ನನಗೆ ಮನಸ್ಸಿಲ್ಲ. ಅವಳಿಗೆ ಗೊತ್ತಿದ್ದ ಔಷಧಿ ಅಷ್ಟೇ ಇತ್ತು. ಆದರೆ ಅಕ್ಕ ಮಾತ್ರ ಪ್ರತಿ ಸಲ ಬೈಸಿಕೊಂಡ ಮೇಲೆ ಇನ್ನೂ ಗಟ್ಟಿಯಾಗಿ ಚೀಪುತ್ತಿದ್ದಳು. ಶಾಲೆಯಲ್ಲಿ ಒಬ್ಬ ಮೇಷ್ಟ್ರು ಅವಳನ್ನು ಎಲ್ಲರ ಮುಂದೆ ನಿಲ್ಲಿಸಿ ಬೆರಳು ತೋರಿಸಲು ಹೇಳಿದ ದಿನ, ಮನೆಗೆ ಬಂದು ಕೌದಿಯೊಳಗೆ ಮುಖ ಹುದುಗಿಸಿ ಸಂಜೆಯವರೆಗೂ ಚೀಪಿದಳಂತೆ.

ಒಂದು ದಿನ ತಾನಾಗಿಯೇ ಬಿಟ್ಟಳು. ಅಷ್ಟರಲ್ಲಿ ಬರಬೇಕಾದ ಹಲ್ಲು ಬಂದಾಗಿತ್ತು. ಆಮೇಲೆ ಶುರುವಾಯಿತು ಇನ್ನೊಂದು ರೂಢಿ. ಮಾತಾಡುವಾಗ, ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುವುದು. ಮೊದಲು ಕೈ, ಮದುವೆಯಾದ ಮೇಲೆ ಸೆರಗು. ಹೆಣ್ಣು ನೋಡಲು ಬಂದ ಎರಡು ಕಡೆಯವರು "ಹುಡುಗಿ ಚಲೋ ಅದಾಳ, ಹಲ್ಲಷ್ಟೇ" ಎಂದು ಹೇಳಿಕಳಿಸಿದ್ದರು. ಅದನ್ನು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ನಮ್ಮ ಮನೆಯ ಫೋಟೋ ಆಲ್ಬಮ್ ತೆಗೆದರೆ ಅಕ್ಕ ಇರುವ ಎಲ್ಲ ಫೋಟೋದಲ್ಲೂ ಅವಳ ಕೈ ಬಾಯಿಯ ಹತ್ತಿರವೇ ಇದೆ. ಚಿಕ್ಕವಳಿದ್ದಾಗ ಬಾಯೊಳಗೆ, ದೊಡ್ಡವಳಾದ ಮೇಲೆ ಬಾಯಿ ಮುಂದೆ.

ನನ್ನ ಮಗಳ ಕಥೆ ಅಷ್ಟು ಕಠಿಣವಲ್ಲ. ಅವಳು ಹೊಟ್ಟೆಯಲ್ಲಿದ್ದಾಗಲೇ ಸ್ಕ್ಯಾನಿಂಗ್‌ನಲ್ಲಿ ಕೈ ಬಾಯಿಯ ಹತ್ತಿರ ಇತ್ತು. ಡಾಕ್ಟರು ತೋರಿಸಿದಾಗ ಎಷ್ಟು ಖುಷಿಪಟ್ಟಿದ್ದೆವು! ಕೂಸು ಗರ್ಭದಲ್ಲೇ ಬೆರಳು ಚೀಪುವುದು ಸಹಜ. ಚೀಪುವುದನ್ನು ಅದು ಕಲಿಯಬೇಕಿಲ್ಲ, ಕಲಿತೇ ಬರುತ್ತದೆ. ಅದಿಲ್ಲದಿದ್ದರೆ ಹುಟ್ಟಿದ ಕೂಡಲೇ ಹಾಲು ಕುಡಿಯಲು ಆಗುತ್ತಿರಲಿಲ್ಲ. ಹೊಟ್ಟೆ ತುಂಬಿದ ಮೇಲೂ ಚೀಪಿದರೆ ಕೂಸಿಗೆ ಸಮಾಧಾನ, ನಿದ್ದೆ. ಹೆಚ್ಚಿನ ಮಕ್ಕಳು 2ರಿಂದ 4 ವರ್ಷದೊಳಗೆ ತಾವಾಗಿಯೇ ಬಿಡುತ್ತಾರೆ. ಆಟ ಸಿಗುತ್ತದೆ, ಗೆಳೆಯರು ಸಿಗುತ್ತಾರೆ, ಕೈಗೆ ಬೇರೆ ಕೆಲಸ ಬರುತ್ತದೆ. ನನ್ನ ಮಗಳು ಬಿಡಲಿಲ್ಲ. ಅಜ್ಜಿ ಹೊಲಿದ ಕೌದಿಯ ಒಂದು ಮೂಲೆಯನ್ನು ಎಡಗೈಯಲ್ಲಿ ಹಿಡಿದು ಉಜ್ಜುತ್ತ, ಬಲಗೈ ಹೆಬ್ಬೆರಳನ್ನು ಬಾಯಲ್ಲಿಟ್ಟುಕೊಂಡರೆ ಎರಡು ನಿಮಿಷದಲ್ಲಿ ನಿದ್ದೆ. ನಮಗೂ ಅದು ಅನುಕೂಲವೇ ಆಗಿತ್ತು.

4 ವರ್ಷ ತುಂಬಿದಾಗ ಒಬ್ಬ ಡಾಕ್ಟರಿಗೆ ತೋರಿಸಿದ್ದೆವು. "ಹಾಲು ಹಲ್ಲು ಹೇಗೂ ಬೀಳ್ತವೆ. 12 ವರ್ಷ ಆದ ಮೇಲೆ ಬನ್ನಿ, ಕ್ಲಿಪ್ ಹಾಕೋಣ," ಎಂದರು. ನೆಮ್ಮದಿಯಿಂದ ಮನೆಗೆ ಬಂದೆವು. ಆ ಮಾತಿನಿಂದ ನಮಗೆ ಒಂದು ವರ್ಷಕ್ಕಿಂತ ಜಾಸ್ತಿ ಕಾಲ ಹೋಯಿತು. ಹಾಲು ಹಲ್ಲು ಬೀಳುತ್ತದೆ, ನಿಜ. ಸಗಣಿಯಲ್ಲಿ ಸುತ್ತಿ ಮಾಳಿಗೆಯ ಮೇಲೆ ಎಸೆಯುತ್ತೇವೆ. ಆದರೆ ದವಡೆ ಬೀಳುವುದಿಲ್ಲ. ಅದು ಹೇಗೆ ಬೆಳೆದಿರುತ್ತದೋ ಹಾಗೇ ಉಳಿದು, ಆಮೇಲೆ ಬರುವ ಹಲ್ಲಿಗೆ ಜಾಗ ಕೊಡುತ್ತದೆ.

ಜಾತ್ರೆ ಮುಗಿದ ವಾರ ಮಕ್ಕಳ ಹಲ್ಲು ನೋಡುವ ಇನ್ನೊಬ್ಬ ಡಾಕ್ಟರಮ್ಮನ ಹತ್ತಿರ ಹೋದೆವು. ಅವರು ಬಾಯಿ ತೆಗೆ ಎನ್ನಲಿಲ್ಲ. ಮೊದಲು ಮಗಳ ಎರಡೂ ಕೈ ಹಿಡಿದು ಹೆಬ್ಬೆರಳು ನೋಡಿದರು. ಎಡಗೈಯದು ಆಟದ ಮಣ್ಣಿನಿಂದ ಕಪ್ಪಾಗಿತ್ತು. ಬಲಗೈಯದು ಬೆಳ್ಳಗೆ, ತೊಳೆದಿಟ್ಟಂತೆ ಸ್ವಚ್ಛ. ಗೆಣ್ಣಿನ ಮೇಲೆ ಹಲ್ಲು ತಾಗಿ ತಾಗಿ ಚರ್ಮ ದಪ್ಪಗಾಗಿತ್ತು. "ಇದು ನಿನ್ನ ಇಷ್ಟದ ಬೆರಳಾ?" ಎಂದು ಕೇಳಿದರು. ಅವಳು ಹೂಂ ಎಂದಳು. ಯಾರೂ ಬೈಯದೇ ಆ ಬೆರಳಿನ ಬಗ್ಗೆ ಅವಳ ಹತ್ತಿರ ಮಾತಾಡಿದ್ದು ಅದೇ ಮೊದಲು. ಆಮೇಲೆ ಕನ್ನಡಿ ಕೊಟ್ಟು, ಹಿಂದಿನ ಹಲ್ಲನ್ನು ಗಟ್ಟಿಯಾಗಿ ಕಚ್ಚಿ ತುಟಿ ಅಗಲಿಸಲು ಹೇಳಿದರು. ಮೇಲಿನ ಸಾಲಿಗೂ ಕೆಳಗಿನ ಸಾಲಿಗೂ ನಡುವೆ ಕಿಂಡಿ. ಅಲ್ಲಿಂದ ನಾಲಿಗೆಯ ತುದಿ ಇಣುಕುತ್ತಿತ್ತು. ಅಳತೆ ಮಾಡಿದರು. 4 ಮಿಲಿಮೀಟರ್.

"ದಿನಕ್ಕೆ ಎಷ್ಟು ಗಂಟೆ ಬಾಯಲ್ಲಿರುತ್ತೆ?" ಎಂದು ನಮ್ಮನ್ನು ಕೇಳಿದರು.

"ಮಲಗುವಾಗ ಮಾತ್ರ," ಎಂದೆ.

"ಅದು ಎಷ್ಟು ಗಂಟೆ?"

ನನಗೆ ಗೊತ್ತಿರಲಿಲ್ಲ. ಬೆರಳು ಚೀಪಬೇಡ ಎಂದು ಸಾವಿರ ಸಲ ಹೇಳಿದ್ದೆ. ಎಷ್ಟು ಹೊತ್ತು ಚೀಪುತ್ತಾಳೆ ಎಂದು ಒಂದು ಸಲವೂ ನೋಡಿರಲಿಲ್ಲ. ಅವರು ಮೂರು ದಿನ ಲೆಕ್ಕ ಬರೆದುಕೊಂಡು ಬರಲು ಹೇಳಿದರು. ನಾನು, ಹೆಂಡತಿ ಪಾಳಿ ಹಾಕಿಕೊಂಡೆವು. ರಾತ್ರಿ 10ಕ್ಕೆ, 12ಕ್ಕೆ, 2ಕ್ಕೆ, 4ಕ್ಕೆ ಮೊಬೈಲ್ ಅಲಾರಾಂ ಇಟ್ಟು ಎದ್ದು ಕೌದಿ ಸರಿಸಿ ನೋಡುತ್ತಿದ್ದೆವು. ರಾತ್ರಿ 2ಕ್ಕೂ ಬೆರಳು ಬಾಯಲ್ಲೇ ಇತ್ತು. ಕೆಲವೊಮ್ಮೆ ಸುಮ್ನೆ ಇಟ್ಟುಕೊಂಡಿರುತ್ತಿದ್ದಳು, ಕೆಲವೊಮ್ಮೆ ಕೆನ್ನೆ ಒಳಗೆ ಹೋಗುವಂತೆ ಎಳೆಯುತ್ತಿದ್ದಳು. ಮಧ್ಯಾಹ್ನದ ನಿದ್ದೆ ಬೇರೆ. ಟಿವಿ ಮುಂದೆ ಮುಕ್ಕಾಲು ಗಂಟೆ. ಸ್ಕೂಟರಿನಲ್ಲಿ ನನ್ನ ಮುಂದೆ ನಿಂತಾಗ ಕೂಡ. ಕೂಡಿಸಿದರೆ ದಿನಕ್ಕೆ 7 ಗಂಟೆಯ ಮೇಲೆ ಬಂತು.

ಡಾಕ್ಟರಮ್ಮ ವಿವರಿಸಿದ್ದನ್ನು ನನಗೆ ಅರ್ಥವಾದಂತೆ ಬರೆಯುತ್ತೇನೆ. ನಾವು ಹಲ್ಲು ಎಂದರೆ ಗೋಡೆಗೆ ಹೊಡೆದ ಮೊಳೆ ಎಂದುಕೊಂಡಿರುತ್ತೇವೆ. ಹಾಗಲ್ಲ. ಹಲ್ಲಿನ ಬೇರಿಗೂ ಮೂಳೆಗೂ ನಡುವೆ ಸಣ್ಣ ನಾರುಗಳ ತೆಳುವಾದ ಪದರ ಇದೆ. ಹಲ್ಲು ಆ ನಾರುಗಳಲ್ಲಿ ತೂಗಿಕೊಂಡಿದೆ. ಒಂದು ಕಡೆಯಿಂದ ಮೆಲ್ಲಗೆ, ಬಹಳ ಹೊತ್ತು ಒತ್ತಿದರೆ ಆಚೆ ಬದಿಯ ಮೂಳೆ ಕರಗುತ್ತದೆ, ಈಚೆ ಬದಿಯಲ್ಲಿ ಹೊಸ ಮೂಳೆ ಕಟ್ಟುತ್ತದೆ. ಹಲ್ಲು ಜಾಗ ಬಿಟ್ಟು ಸರಿಯುತ್ತದೆ. ಕ್ಲಿಪ್ ಹಾಕಿದಾಗ ಆಗುವುದೂ ಇದೇ. ಹೆಬ್ಬೆರಳು ಅದೇ ಕೆಲಸವನ್ನು ತಪ್ಪು ದಿಕ್ಕಿಗೆ ಮಾಡುತ್ತದೆ, ಅಷ್ಟೇ. ಊಟ ಮಾಡುವಾಗ ಹಲ್ಲಿನ ಮೇಲೆ ಬೀಳುವ ಭಾರ ದೊಡ್ಡದು, ಆದರೆ ಕ್ಷಣದ್ದು. ಅದರಿಂದ ಹಲ್ಲು ಸರಿಯುವುದಿಲ್ಲ. ಬೆರಳಿನ ಒತ್ತಡ ಚಿಕ್ಕದು, ಆದರೆ ಗಂಟೆಗಟ್ಟಲೆ. ದಿನಕ್ಕೆ ಸುಮಾರು 6 ಗಂಟೆ ಇಂಥ ಒತ್ತಡ ಸಿಕ್ಕರೆ ಹಲ್ಲು ಸರಿಯಲು ಸಾಕು ಎನ್ನುತ್ತಾರೆ ಹಲ್ಲು ಸರಿಪಡಿಸುವ ವೈದ್ಯರು. ಹಗಲು ಹತ್ತು ನಿಮಿಷ ಚೀಪುವ ಮಗುವಿಗೂ ರಾತ್ರಿಯಿಡೀ ಚೀಪುವ ಮಗುವಿಗೂ ಅಜಗಜಾಂತರ ಇದೆ. ನಾವು ಇಬ್ಬರಿಗೂ ಒಂದೇ ಬೈಗುಳ ಬೈಯುತ್ತೇವೆ.

ನನಗೆ ನಿಜಕ್ಕೂ ಹೊಸದಾಗಿದ್ದದ್ದು ಮುಂದಿನ ಮಾತು. ಬೆರಳು ಮೇಲಿನ ಹಲ್ಲನ್ನು ಮುಂದಕ್ಕೆ ತಳ್ಳುತ್ತದೆ, ಕೆಳಗಿನದನ್ನು ಒಳಕ್ಕೆ ಒತ್ತುತ್ತದೆ ಎಂಬುದು ಯಾರಿಗಾದರೂ ಹೊಳೆಯುತ್ತದೆ. ಆದರೆ ಬೆರಳು ಬಾಯಲ್ಲಿದ್ದಾಗ ನಾಲಿಗೆ ಎಲ್ಲಿರುತ್ತದೆ? ಸುಮ್ಮನಿದ್ದಾಗ ನಮ್ಮ ನಾಲಿಗೆ ಅಂಗುಳಕ್ಕೆ, ಅಂದರೆ ಬಾಯಿಯ ಮೇಲ್ಛಾವಣಿಗೆ, ಆತುಕೊಂಡಿರುತ್ತದೆ. ಒಳಗಿನಿಂದ ನಾಲಿಗೆ, ಹೊರಗಿನಿಂದ ಕೆನ್ನೆ, ಎರಡರ ನಡುವೆ ಮೇಲಿನ ದವಡೆ ಸರಿಯಾದ ಅಗಲಕ್ಕೆ ಬೆಳೆಯುತ್ತದೆ. ಬೆರಳು ಬಂದು ಕೂತರೆ ನಾಲಿಗೆ ಕೆಳಗೆ ಇಳಿಯಬೇಕು. ಒಳಗಿನ ಆಸರೆ ಹೋಯಿತು. ಚೀಪುವ ಕೆನ್ನೆ ಮಾತ್ರ ಎರಡೂ ಬದಿಯಿಂದ ಹಿಂಡುತ್ತಲೇ ಇರುತ್ತದೆ. ಮೇಲಿನ ದವಡೆ ಕಿರಿದಾಗುತ್ತದೆ, ಅಂಗುಳ ಮೇಲಕ್ಕೆ ಗೂಡಿನಂತೆ ಏರುತ್ತದೆ. ಮೇಲಿನ ದವಡೆ ಹಲ್ಲು ಕೆಳಗಿನ ಹಲ್ಲಿನ ಹೊರಗೆ ಕೂರುವ ಬದಲು ಒಳಗೆ ಕೂರತೊಡಗುತ್ತದೆ. ಮಗಳ ಬಲಗಡೆ ಹೀಗೆ ಆಗಲು ಶುರುವಾಗಿತ್ತು. ನಾವು ಮುಂದಿನ ಹಲ್ಲನ್ನೇ ನೋಡಿ ಚಿಂತೆ ಮಾಡುತ್ತಿದ್ದೆವು. ಹಿಂದೆ, ಕಾಣದ ಜಾಗದಲ್ಲಿ ಇನ್ನೊಂದು ನಡೆದಿತ್ತು.

ಇನ್ನು ಆ ಕಿಂಡಿ. ನುಂಗುವಾಗ ಬಾಯಿ ಮುಚ್ಚಿಕೊಳ್ಳಬೇಕು. ಹಲ್ಲು ಮುಚ್ಚಿಕೊಳ್ಳದಿದ್ದರೆ ನಾಲಿಗೆ ಮುಂದೆ ಬಂದು ಆ ಕಿಂಡಿ ಮುಚ್ಚುತ್ತದೆ. ಬೆರಳು ಬಿಟ್ಟ ಮೇಲೂ ನಾಲಿಗೆಗೆ ಆ ರೂಢಿ ಉಳಿದರೆ ಕಿಂಡಿ ಹಾಗೇ ನಿಲ್ಲಬಹುದು. ಮಗಳು ಸಕ್ಕರೆಗೆ "ತಕ್ಕರೆ" ಎನ್ನುತ್ತಿದ್ದಳು. ನಾವು ಮುದ್ದು ಮಾತು ಎಂದು ಮತ್ತೆ ಮತ್ತೆ ಹೇಳಿಸಿ ನಗುತ್ತಿದ್ದೆವು. ಎಲ್ಲ ಮಕ್ಕಳ ತೊದಲಿಗೂ ಬೆರಳು ಕಾರಣ ಅಲ್ಲ. ಆದರೆ ಅವಳ ನಾಲಿಗೆ ಹಲ್ಲುಗಳ ನಡುವೆ ನುಸುಳುತ್ತಿದ್ದದ್ದು ಆಮೇಲೆ ನಮಗೇ ಕಾಣುತ್ತಿತ್ತು.

"ಇನ್ನೂ ಟೈಮ್ ಇದೆ," ಎಂದರು ಡಾಕ್ಟರಮ್ಮ. ಈ ಮಾತನ್ನು ಓದುವ ಪ್ರತಿ ತಂದೆತಾಯಿಗೂ ಹೇಳಬೇಕು ಅನ್ನಿಸುತ್ತದೆ. ಕೆಳಗಿನ ಮುಂದಿನ ಶಾಶ್ವತ ಹಲ್ಲು 6ರಿಂದ 7 ವರ್ಷಕ್ಕೆ, ಮೇಲಿನದು 7ರಿಂದ 8 ವರ್ಷಕ್ಕೆ ಬರುತ್ತದೆ. ಅದಕ್ಕಿಂತ ಮೊದಲೇ ಬೆರಳು ಬಿಟ್ಟರೆ ಮುಂದಿನ ಕಿಂಡಿ ಬಹಳ ಮಕ್ಕಳಲ್ಲಿ ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ತುಟಿ, ನಾಲಿಗೆ, ಕೆನ್ನೆಗಳೇ ಹಲ್ಲನ್ನು ಜಾಗಕ್ಕೆ ತರುತ್ತವೆ. ಕಿರಿದಾದ ದವಡೆ ಮಾತ್ರ ಅಷ್ಟು ಸುಲಭಕ್ಕೆ ಸರಿಹೋಗುವುದಿಲ್ಲ. 2 ವರ್ಷದ ಕೂಸಿನ ಕೈ ಹಿಡಿದು ಎಳೆಯುವ ಅಗತ್ಯ ಇಲ್ಲ. 3 ದಾಟಿದ ಮೇಲೂ ಜೋರಾಗಿ, ರಾತ್ರಿಯಿಡೀ ನಡೆದಿದ್ದರೆ ಒಮ್ಮೆ ತೋರಿಸಬೇಕು. 12ರವರೆಗೆ ಕಾಯಬಾರದು.

ಹೀಗೆ ಬರೆಯುವಾಗ ಇನ್ನೊಂದು ಭಯ ನನಗಿದೆ. ಉಬ್ಬು ಹಲ್ಲಿನ ಮಗು ಕಂಡ ಕೂಡಲೇ "ಬೆರಳು ಚೀಪ್ತಿದ್ದಿಯಾ" ಎಂದು ಯಾರೂ ಕೇಳದಿರಲಿ. ಅಪ್ಪ ಅಮ್ಮನ ದವಡೆಯ ಆಕಾರವೇ ಮಗುವಿಗೆ ಬಂದಿರಬಹುದು. ಮೂಗಿನ ಹಿಂದಿನ ಗಡ್ಡೆ ಊದಿ ಬಾಯಿಂದ ಉಸಿರಾಡುವ ಮಕ್ಕಳಲ್ಲೂ ದವಡೆ ಹೀಗೆ ಬದಲಾಗುವುದುಂಟು. ಇನ್ನು ನಮ್ಮ ಕಡೆ ಹಲ್ಲಿನ ಮೇಲೆ ಕಾಣುವ ಕಂದು ಗೆರೆಗಳಿಗೂ ಬೆರಳಿಗೂ ಸಂಬಂಧವೇ ಇಲ್ಲ. ಅದು ಬೋರ್‌ವೆಲ್ ನೀರಿನ ಫ್ಲೋರೈಡ್. ಕೊಪ್ಪಳ, ರಾಯಚೂರು, ಬಳ್ಳಾರಿಯ ಎಷ್ಟೋ ಊರಿನ ಮಕ್ಕಳು ಆ ಗೆರೆಗಳನ್ನು ಹೊತ್ತುಕೊಂಡಿದ್ದಾರೆ. ಆ ವಿಷಯಕ್ಕೆ ಒಂದು ಬರಹವೇ ಬೇಕು.

ಬೆರಳನ್ನು ರಾಕ್ಷಸ ಮಾಡುವುದೂ ಬೇಡ. ನ್ಯೂಜಿಲೆಂಡಿನ ಡನೀಡಿನ್ ಎಂಬ ಊರಿನಲ್ಲಿ 1972-73ರಲ್ಲಿ ಹುಟ್ಟಿದ ಸಾವಿರಕ್ಕೂ ಹೆಚ್ಚು ಮಕ್ಕಳನ್ನು ದೊಡ್ಡವರಾಗುವವರೆಗೆ ಗಮನಿಸುತ್ತ ಬಂದಿದ್ದಾರೆ. 2016ರಲ್ಲಿ ಆ ಸಂಶೋಧಕರು ಪ್ರಕಟಿಸಿದ ಲೆಕ್ಕ ಕುತೂಹಲದ್ದು. ಬೆರಳು ಚೀಪದ, ಉಗುರೂ ಕಚ್ಚದ ಮಕ್ಕಳಲ್ಲಿ 13ನೇ ವಯಸ್ಸಿಗೆ ಚರ್ಮದ ಅಲರ್ಜಿ ಪರೀಕ್ಷೆಯಲ್ಲಿ ಪಾಸಿಟಿವ್ ಬಂದವರು ಶೇ. 49. ಎರಡೂ ರೂಢಿ ಇದ್ದವರಲ್ಲಿ ಶೇ. 31 ಮಾತ್ರ. ಕೈಯ ಮಣ್ಣು, ಕ್ರಿಮಿ ಹೊಟ್ಟೆಗೆ ಹೋಗಿ ದೇಹ ಒಗ್ಗಿಕೊಂಡಿರಬಹುದು ಎಂಬುದು ಅವರ ಊಹೆ. ಆಸ್ತಮಾದಲ್ಲಿ ವ್ಯತ್ಯಾಸ ಕಾಣಲಿಲ್ಲ. ಹಾಗಂತ ಚೀಪಲಿ ಎಂದು ಅವರೂ ಹೇಳಿಲ್ಲ. ನಮ್ಮಲ್ಲಿ ಮಣ್ಣಿನ ಕೈಯಿಂದ ಜಂತುಹುಳ ಬರುವುದೂ ನಿಜ, ಉಗುರಿನ ಬುಡ ಕೀವಾಗುವುದೂ ನಿಜ. ಆದರೂ ಆ ಲೆಕ್ಕ ಓದಿದ ದಿನ ನನಗೆ ಸ್ವಲ್ಪ ಸಮಾಧಾನವಾಯಿತು.

ಬಿಡಿಸುವುದು ಹೇಗೆ? ಹಲ್ಲಿನ ಹಿಂದೆ, ಅಂಗುಳದಲ್ಲಿ ಕೂರುವ ತಂತಿಯ ಬೇಲಿಯಂಥ ಸಾಧನ ಇದೆ. ಹಿಂದಿನ ಹಲ್ಲಿಗೆ ಉಂಗುರ ಹಾಕಿ ಅಂಟಿಸುತ್ತಾರೆ. ಬೆರಳು ಅಂಗುಳಕ್ಕೆ ತಾಗದಂತೆ ಅದು ತಡೆಯುತ್ತದೆ. ಚೀಪಿದರೂ ಮೊದಲಿನ ಸುಖ ಸಿಗುವುದಿಲ್ಲ. ಆರು ತಿಂಗಳಾದರೂ ಇರಬೇಕು. ಬಿಡಬೇಕೆಂಬ ಮನಸ್ಸಿದ್ದೂ ಆಗದ, ಸ್ವಲ್ಪ ದೊಡ್ಡ ಮಕ್ಕಳಿಗೆ ಅದನ್ನು ಹಾಕುತ್ತಾರೆ. ಕಹಿ ನೇಲ್ ಪಾಲಿಶ್ ಕೂಡ ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ. ಡಾಕ್ಟರಮ್ಮ ಅವೆರಡನ್ನೂ ಪಕ್ಕಕ್ಕಿಟ್ಟರು. "ಅವಳನ್ನೇ ಕೇಳೋಣ" ಎಂದರು. ಬಿಡಬೇಕು ಅನ್ನಿಸುತ್ತಾ ಎಂದು ಕೇಳಿದರು. ಮಗಳು ಕನ್ನಡಿ ನೋಡಿಕೊಂಡು ಬಹಳ ಹೊತ್ತು ಸುಮ್ಮನಿದ್ದಳು. "ಹಗಲು ಬಿಡತೀನಿ. ರಾತ್ರಿ ನನಗ ಗೊತ್ತಾಗೂದಿಲ್ಲ," ಎಂದಳು. 5 ವರ್ಷದ ಹುಡುಗಿ ಎಷ್ಟು ಸರಿಯಾಗಿ ಹೇಳಿದಳು ಎಂದು ನನಗೆ ಈಗಲೂ ಆಶ್ಚರ್ಯ.

ಹಗಲಿನದು ಅಷ್ಟು ಕಷ್ಟ ಆಗಲಿಲ್ಲ. ಟಿವಿ ಮುಂದೆ ಕೂತಾಗ ಶೇಂಗಾ ಸುಲಿಯುವ ಕೆಲಸ ಅಜ್ಜಿ ಕೊಟ್ಟಳು. ಕ್ಯಾಲೆಂಡರ್ ಮೇಲೆ ಹಗಲಿಗೆ ಸೂರ್ಯ, ರಾತ್ರಿಗೆ ಚಂದ್ರ ಬರೆಯುವುದೆಂದು ಮಾಡಿಕೊಂಡೆವು. ಚೀಪಿದ ದಿನ ಖಾಲಿ ಬಿಡುವುದು, ಅಡ್ಡಗೆರೆ ಎಳೆಯುವುದಿಲ್ಲ. ಸೂರ್ಯಗಳು ಸಾಲಾಗಿ ಬಂದವು. ಚಂದ್ರ ಒಂದೂ ಬರಲಿಲ್ಲ.

ರಾತ್ರಿಯದನ್ನು ಬಗೆಹರಿಸಿದ್ದು ಅಕ್ಕ. ಒಂದು ಭಾನುವಾರ ಚೀಲ ಹಿಡಿದುಕೊಂಡು ಬಂದಳು. ಅದರಲ್ಲಿ ತೆಳು ಮಲ್ ಬಟ್ಟೆಯ ಎರಡು ಅಂಗಿ. ತೋಳು ಕೈಗಿಂತ ಉದ್ದ, ತುದಿ ಹೊಲಿದು ಮುಚ್ಚಿದ್ದು. ತುದಿಗೆ ಇಳಕಲ್ ಸೀರೆಯ ಅಂಚಿನ ತುಂಡು ಸೇರಿಸಿದ್ದಳು, ನುಣುಪಾಗಿ. ಕೌದಿಯ ಮೂಲೆ ಉಜ್ಜುವ ಬೆರಳಿಗೆ ಅದು ಸಿಗಲಿ ಎಂದು. ನಾನು ಮಗಳನ್ನು ಕರೆದು ಹಾಕಲು ಹೋದೆ. ಅಕ್ಕ ತಡೆದಳು.

"ನೀ ಹಾಕಬ್ಯಾಡ ತಮ್ಮಾ. ಆಕೀನ ಹಾಕ್ಕೊಳ್ಳಿ. ನನಗ ಕಟ್ಟಿದ್ರು. ಕಟ್ಟೂದಕ್ಕೂ ಹಾಕ್ಕೊಳ್ಳೂದಕ್ಕೂ ಭಾಳ ಫರಕ ಐತಿ."

ಅವ್ವ ಅಲ್ಲೇ ಕೂತಿದ್ದಳು. ಯಾರೂ ಏನೂ ಮಾತಾಡಲಿಲ್ಲ.

ಆಮೇಲೆ ಪ್ರತಿ ರಾತ್ರಿ ಅಂಗಿಯನ್ನು ಹಾಸಿಗೆಯ ಮೇಲೆ ಇಡುತ್ತಿದ್ದೆವು. ಹಾಕಿಕೊಳ್ಳುವುದು ಬಿಡುವುದು ಅವಳಿಗೆ ಬಿಟ್ಟದ್ದು. ಮೊದಲ ರಾತ್ರಿ ಹಾಕಿಕೊಂಡಳು, ನಿದ್ದೆ ಬಾರದೆ ಅತ್ತಳು, ತೆಗೆದಳು. ಎರಡನೇ ರಾತ್ರಿ ಮುಟ್ಟಲೇ ಇಲ್ಲ. ಮೂರನೇ ರಾತ್ರಿ ಹೆಂಡತಿ ಬೆನ್ನು ಸವರುತ್ತ ಒಂದು ಗಂಟೆ ಕೂತಳು. ಬೆರಳು ಮಾಡುತ್ತಿದ್ದ ಕೆಲಸವನ್ನು ಬೇರೆ ಯಾರಾದರೂ ಮಾಡಬೇಕಿತ್ತು. ಇಷ್ಟು ವರ್ಷ ಎರಡು ನಿಮಿಷದಲ್ಲಿ ನಿದ್ದೆ ಹೋಗುವ ಮಗು ಎಂದು ನಾವು ಸುಖಪಟ್ಟಿದ್ದೆವು ಅಲ್ವಾ, ಆ ಹೊತ್ತನ್ನು ಈಗ ಅವಳಿಗೆ ಕೊಡಬೇಕಾಯಿತು. ಕಥೆ ಹೇಳಿದೆವು. ಕಾಲು ಒತ್ತಿದೆವು. ಹನ್ನೊಂದನೇ ರಾತ್ರಿ ಕ್ಯಾಲೆಂಡರಿನಲ್ಲಿ ಮೊದಲ ಚಂದ್ರ ಬಂದ.

ಯುಗಾದಿಯ ಹೊತ್ತಿಗೆ ಜ್ವರ ಬಂತು. ನಾಲ್ಕು ದಿನ ಬೆರಳು ಮತ್ತೆ ಬಾಯಿಗೆ ಹೋಯಿತು. ಹೆಂಡತಿ ಕಣ್ಣಲ್ಲಿ ನೀರು ತಂದುಕೊಂಡಳು. ಡಾಕ್ಟರಮ್ಮನಿಗೆ ಫೋನ್ ಮಾಡಿದರೆ, "ಜ್ವರದಲ್ಲಿ ಬಿಡಿ, ಏನೂ ಅನ್ನಬೇಡಿ" ಎಂದರು. ಐದನೇ ದಿನ ಮಗಳೇ ಅಂಗಿ ಹುಡುಕಿದಳು. ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಮಲಗುವಾಗ ತೋಳು ಸೆಕೆ ಎಂದು ಒಂದೇ ಕೈಗೆ ಹಾಕಿಕೊಳ್ಳುತ್ತಿದ್ದಳು. ಮೇ ಕೊನೆಗೆ ಅಂಗಿ ಬೇಕಾಗಲಿಲ್ಲ. ಒಟ್ಟು ಮೂರೂವರೆ ತಿಂಗಳು. ಏನು ಬೇಕು ಎಂದು ಕೇಳಿದಾಗ ಕಿನ್ನಾಳದ ಗೊಂಬೆ ಎಂದಳು. ಕರೆದುಕೊಂಡು ಹೋಗಿ ಬಣ್ಣದ ಆನೆ ಕೊಡಿಸಿದೆವು.

ಆ ವರ್ಷವೇ ಕೆಳಗಿನ ಎರಡು ಹೊಸ ಹಲ್ಲು ಬಂದವು. ಮೇಲಿನವು 7 ತುಂಬಿದ ಮೇಲೆ. ಈಗ ಕಿಂಡಿ ಮುಚ್ಚಿಕೊಂಡಿದೆ. ನೂಲಿನಷ್ಟು ಉಳಿದಿದೆ ಎನ್ನಬಹುದು. ನಾಲಿಗೆಯನ್ನು ಅಂಗುಳಕ್ಕೆ ಒತ್ತಿ ನುಂಗುವ ಅಭ್ಯಾಸವನ್ನು ಕನ್ನಡಿ ಮುಂದೆ ದಿನಾ ಮಾಡುತ್ತಾಳೆ. ಸಕ್ಕರೆ ಈಗ ಸಕ್ಕರೆಯೇ. ಬಲಗಡೆ ಒಳಗೆ ಕೂತ ದವಡೆ ಹಲ್ಲು ಮಾತ್ರ ತಾನಾಗಿ ಸರಿಹೋಗಿಲ್ಲ. ಮೇಲಿನ ದವಡೆ ಅಗಲಿಸುವ ಸಾಧನ ಹಾಕಬೇಕಾಗುತ್ತದೆ. 4 ವರ್ಷಕ್ಕೇ ನಾವು ಗಂಟೆ ಎಣಿಸಿದ್ದರೆ ಅದೂ ಬೇಡವಾಗುತ್ತಿತ್ತೇನೋ. ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಶಾಲೆಗೆ ಒಂದು ಸಲ ಮಕ್ಕಳ ಆರೋಗ್ಯ ತಪಾಸಣೆಯ ಸರ್ಕಾರಿ ಯೋಜನೆಯಾದ ಆರ್‌ಬಿಎಸ್‌ಕೆ ತಂಡದ ಡಾಕ್ಟರುಗಳು ಬರುತ್ತಾರೆ. ಹಲ್ಲನ್ನೂ ನೋಡುತ್ತಾರೆ. ಅವರ ಹತ್ತಿರ ಬೆರಳು ಚೀಪುವ ಬಗ್ಗೆ ಒಂದು ಮಾತು ಕೇಳಿ ನೋಡಿ. ದುಡ್ಡು ಖರ್ಚಿಲ್ಲ.

ಕಳೆದ ಮಳೆಗಾಲದಲ್ಲಿ ಮಗಳನ್ನು ತೋರಿಸಲು ಹೋದಾಗ ಅಕ್ಕನೂ ಜೊತೆಗೆ ಬಂದಿದ್ದಳು. ಎಲ್ಲ ಮುಗಿದು ಎದ್ದು ನಿಂತ ಮೇಲೆ, ಸೆರಗು ಬಾಯಿಗೆ ಹಿಡಿದುಕೊಂಡೇ ಕೇಳಿದಳು. "ಡಾಕ್ಟ್ರೇ, ನನ್ನ ವಯಸ್ಸಿನೋರಿಗೆ ಇದು ಆಗೂದಿಲ್ಲ, ಅಲ್ಲಾ?" ಅವಳಿಗೆ 39 ವರ್ಷ. ಇಷ್ಟು ವರ್ಷ ಅವಳಿಗೆ ಆ ಪ್ರಶ್ನೆ ಇತ್ತೆಂದು ನನಗೆ ಗೊತ್ತಿರಲಿಲ್ಲ. ನಾನೂ ಒಂದು ದಿನ ಕೇಳಿರಲಿಲ್ಲ.

ಡಾಕ್ಟರಮ್ಮ ಅವಳನ್ನು ಕುರ್ಚಿಯಲ್ಲಿ ಕೂರಿಸಿದರು. ವಸಡು ಒತ್ತಿ ನೋಡಿದರು. ದವಡೆಯ ಮೂಳೆಯ ಆಕಾರವನ್ನು ಈಗ ತಂತಿಯಿಂದ ಬದಲಾಯಿಸಲು ಆಗುವುದಿಲ್ಲ, ಆದರೆ ವಸಡು ಮೂಳೆ ಗಟ್ಟಿ ಇದ್ದರೆ ಹಲ್ಲು ಯಾವ ವಯಸ್ಸಿಗೂ ಸರಿಯುತ್ತದೆ ಎಂದರು. ಮಕ್ಕಳಿಗಿಂತ ನಿಧಾನ. ಎರಡು ವರ್ಷ ಹಿಡಿಯಬಹುದು. ಆಮೇಲೆ ಹಲ್ಲು ಮತ್ತೆ ಹಳೆಯ ಜಾಗಕ್ಕೆ ಹೋಗದಂತೆ ತಡೆಯುವ ತಂತಿ ಹಾಕಿಕೊಂಡೇ ಇರಬೇಕು. ಬಳ್ಳಾರಿಯ ಸರ್ಕಾರಿ ಡೆಂಟಲ್ ಕಾಲೇಜಿನಲ್ಲಿ ತೋರಿಸಿ ಎಂದು ಚೀಟಿ ಬರೆದುಕೊಟ್ಟರು. ಭಾವ ಚೀಟಿ ಓದಿ, "ಹೋಗಿ ಬಾ" ಎಂದಷ್ಟೇ ಹೇಳಿದರು. ದೀಪಾವಳಿಯ ಬ್ಲೌಸುಗಳ ದುಡ್ಡು ಬಂದ ಮೇಲೆ ಅಕ್ಕ ರೈಲು ಹತ್ತಿದಳು.

ಈ ಜನವರಿಯಲ್ಲಿ ಮತ್ತೆ ರೊಟ್ಟಿ ಬಡಿದೆವು. ಕಡಕ್ ರೊಟ್ಟಿ ಕಡಿದರೆ ತಂತಿ ಕಿತ್ತುಬರುತ್ತದೆ ಎಂದು ಹೇಳಿದ್ದಾರೆ. ಅಕ್ಕ ಗಂಗಾಳದಲ್ಲಿ ರೊಟ್ಟಿ ಮುರಿದು, ಬೇಳೆಯಲ್ಲಿ ನೆನೆಹಾಕಿಕೊಂಡು ತಿನ್ನುತ್ತಿದ್ದಳು. ಮಗಳು ಎದುರಿಗೆ ಕೂತು ರೊಟ್ಟಿಯ ಸುರುಳಿ ಕಚ್ಚುತ್ತಿದ್ದಳು. ಮುಂದಿನ ಹಲ್ಲಿನಿಂದ. ಅರ್ಧ ತಿಂದು ನಿಲ್ಲಿಸಿದಳು.

"ಅತ್ತಿ, ಬಾಯಿ ತಗೀ. ತಂತಿ ನೋಡತೀನಿ."

ಒಲೆಯ ಸುತ್ತ ಓಣಿಯ ಏಳೆಂಟು ಹೆಣ್ಣುಮಕ್ಕಳು ಕೂತಿದ್ದರು. ಅಕ್ಕನ ಕೈ ರೂಢಿಯಂತೆ ಮೇಲೆ ಬಂತು. ಮಗಳು ಆ ಕೈ ಹಿಡಿದು ಕೆಳಗೆ ಇಟ್ಟಳು. ಅಕ್ಕ ಬಾಯಿ ತೆಗೆದಳು.